ಕರಿ ಬಂಪರಿಗೆ ಬಿಳಿ ಬಣ್ಣದ ಆಸೆ

ಕಾರಿನ ಪ್ಲಾಸ್ಟಿಕ್ ಭಾಗಗಳಿಗೆ ಮನೆಯಲ್ಲೇ ಬಣ್ಣ ಹೊಡೆದುಕೊಳ್ಳುವವರಲ್ಲಿ ಎರಡು ಬಗೆ. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಭಾಗಗಳನ್ನು ಮತ್ತೆ ಕಪ್ಪು ಮಾಡಿಕೊಳ್ಳುವವರು ಮೊದಲನೆಯವರು. ಬೇಸ್ ಮಾಡೆಲ್ ಕಾರು ಕೊಂಡು, ಅದರ ಕರಿ ಬಂಪರು, ಕನ್ನಡಿಯ ಕವಚ, ಬಾಗಿಲ ಹಿಡಿಕೆಗಳನ್ನು ಬಾಡಿಯ ಬಣ್ಣಕ್ಕೆ ತಂದು ಟಾಪ್ ಮಾಡೆಲ್ಲಿನ ಕಳೆ ಬರಿಸಬೇಕೆನ್ನುವವರು ಎರಡನೆಯವರು. ಇಬ್ಬರ ಕೈಯಲ್ಲೂ ಅದೇ ಸ್ಪ್ರೇ ಡಬ್ಬಿ. ಆದರೆ ಮೊದಲನೆಯದು ಮಾಡತಕ್ಕ ಕೆಲಸ, ಎರಡನೆಯದು ಬಹುಪಾಲು ಕೈಸುಟ್ಟುಕೊಳ್ಳುವ ಕೆಲಸ ಎಂಬುದು ನನ್ನ ತೀರ್ಮಾನ.

ಕಂಪನಿಯವರು ಬಂಪರನ್ನು ಕರಿಯಾಗಿಯೇ ಬಿಟ್ಟದ್ದು ದುಡ್ಡು ಉಳಿಸಲಿಕ್ಕೆ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಜಿಪುಣತನದಲ್ಲಿ ನಮಗೊಂದು ಲಾಭ ತಾನಾಗಿ ಸೇರಿಕೊಂಡಿದೆ. ಅಲ್ಲಿ ಬಣ್ಣ ಮೇಲೆ ಬಳಿದದ್ದಲ್ಲ, ಪ್ಲಾಸ್ಟಿಕ್ಕಿನ ಒಡಲಲ್ಲೇ ಕಲೆಸಿದ್ದು. ಸಿಟಿ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಆಟೊ ಒಂದು ಉಜ್ಜಿಕೊಂಡು ಹೋದರೂ ಗೀರಿನೊಳಗೆ ಕಾಣುವುದು ಕಪ್ಪೇ. ಅದೇ ಬಂಪರಿಗೆ ಬಿಳಿ ಬಳಿದ ಮೇಲೆ ಪ್ರತಿಯೊಂದು ತರಚೂ ಕರಿಗೆರೆಯಾಗಿ ಎದ್ದು ಕಾಣುತ್ತದೆ. ನೋಡಿಕೊಳ್ಳುವ ಗೋಜೇ ಇಲ್ಲದಿದ್ದ ಭಾಗವೊಂದು ಕೈಯಾರೆ ತಂದುಕೊಂಡ ಚಿಂತೆಯಾಗುತ್ತದೆ. ತಮಾಷೆಯೆಂದರೆ, ಲಕ್ಷಗಟ್ಟಲೆ ಹೆಚ್ಚು ತೆತ್ತು ಕೊಳ್ಳುವ ಎಸ್‌ಯುವಿಗಳ ಚಕ್ರದ ಸುತ್ತ, ಬಾಗಿಲ ಕೆಳಗೆ ಇದೇ ಕರಿ ಪ್ಲಾಸ್ಟಿಕ್ಕನ್ನು ಗತ್ತಿನ ಗುರುತೆಂದು ಅಂಟಿಸಿ ಮಾರುತ್ತಾರೆ.

ಇನ್ನು ಆ ಪ್ಲಾಸ್ಟಿಕ್ಕಿನ ಸ್ವಭಾವ. ಬಂಪರನ್ನು ಬಿಚ್ಚಿ ಒಳಬದಿ ನೋಡಿದರೆ ಅಚ್ಚಿನಲ್ಲೇ ಒತ್ತಿದ ಗುರುತು ಸಿಗುತ್ತದೆ. ಅಲ್ಲಿ ‘ಪಿಪಿ+ಇಪಿಡಿಎಂ-ಟಿಡಿ20’ ಎಂದಿದ್ದರೆ ಪಾಲಿಪ್ರೊಪಿಲೀನಿಗೆ ರಬ್ಬರ್ ಬೆರೆಸಿದೆ, ಶೇಕಡಾ 20 ಟಾಲ್ಕ್ ಪುಡಿ ಸೇರಿಸಿದೆ ಎಂದರ್ಥ. ಇದಕ್ಕೆ ಬಣ್ಣ ಒಗ್ಗದು; ಕೆಸುವಿನೆಲೆಯ ಮೇಲೆ ನೀರು ನಿಂತಂತೆ ಮೇಲೆಮೇಲೆ ನಿಂತಿರುತ್ತದೆ, ಒಳಗಿಳಿದು ಹಿಡಿಯುವುದಿಲ್ಲ. ಕಾರ್ಖಾನೆಗಳಲ್ಲಿ ಇದರ ಮೈಯ ಮೇಲೆ ಕ್ಷಣಕಾಲ ಬೆಂಕಿಯ ನಾಲಗೆ ಆಡಿಸಿಯೋ, ಕ್ಲೋರಿನ್ ಸೇರಿದ ಪಾಲಿಒಲೆಫಿನ್ ಇರುವ ವಿಶೇಷ ಪ್ರೈಮರ್ ಹೊಡೆದೋ ಬಣ್ಣಕ್ಕೆ ಒಗ್ಗಿಸುತ್ತಾರೆ. ಕನ್ನಡಿಯ ಕವಚ, ಗ್ರಿಲ್ಲು, ವೀಲ್ ಕ್ಯಾಪುಗಳಿಗೆ ಬಳಸುವುದು ಹೆಚ್ಚಾಗಿ ಎಬಿಎಸ್. ಅದು ಸಾಧು ಪ್ರಾಣಿ, ಸಾಮಾನ್ಯ ಪ್ರೈಮರ್ ಸಾಕು. ಡಬ್ಬಿಯ ಬಣ್ಣ ಹುಟ್ಟಿದ್ದೇ ಲೋಹಕ್ಕಾಗಿ ಎಂಬುದನ್ನೂ ಇಲ್ಲಿ ನೆನೆಯಬಹುದು. 1949ರಲ್ಲಿ ಅಮೆರಿಕದ ಎಡ್ ಸೀಮೋರ್ ಬಣ್ಣವನ್ನು ಮೊದಲು ಡಬ್ಬಿಗೆ ತುಂಬಿದ್ದು ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಿಗೆ ಹೊಡೆಯುವ ಅಲ್ಯುಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲೆಂದು. ಇಂದಿಗೂ ಅಂಗಡಿಯಲ್ಲಿ ಸುಮ್ಮನೆ ‘ಪ್ರೈಮರ್ ಕೊಡಿ’ ಎಂದರೆ ಕೈಗೆ ಬರುವುದು ಬಹುತೇಕ ಲೋಹದ್ದೇ. ‘ಪ್ಲಾಸ್ಟಿಕ್ ಪ್ರೈಮರ್’ ಎಂದು ಬಿಡಿಸಿ ಕೇಳಬೇಕು.

ಪ್ರೈಮರಿಗೂ ಮೊದಲಿನ ಕೆಲಸವೇ ದೊಡ್ಡದು, ಅದನ್ನು ಯಾವ ವಿಡಿಯೊವೂ ಪೂರ್ತಿ ತೋರಿಸುವುದಿಲ್ಲ. ವರ್ಷಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಉಜ್ಜಿಸಿಕೊಂಡ ಬಂಪರಿನಲ್ಲಿ ಸಿಲಿಕೋನ್ ಎಣ್ಣೆ ಹೊಕ್ಕಿರುತ್ತದೆ. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಅದರ ಮೇಲೆ ಬಣ್ಣ ಬಿದ್ದರೆ ಅಲ್ಲಲ್ಲಿ ದುಂಡಗೆ ಸರಿದು ಗುಳಿ ಬೀಳುತ್ತದೆ. ಪೇಂಟರುಗಳು ಫಿಶ್ ಐ ಎನ್ನುವುದು ಇದನ್ನೇ. ಹೊಸದಾಗಿ ಕೊಂಡ ಬಂಪರಿನ ಮೇಲೂ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿರಬಹುದು. ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಆಮೇಲೆ ಸ್ಕಾಚ್ ಬ್ರೈಟಿನ ಉಜ್ಜಾಟ, ಮತ್ತೊಮ್ಮೆ ಆಲ್ಕೊಹಾಲ್. ಎಮರಿ ಪೇಪರ್ ಹಿಡಿದು ರಭಸದಿಂದ ಉಜ್ಜಿದರೆ ಕರಿ ಪ್ಲಾಸ್ಟಿಕ್ಕಿನ ಮೇಲಿನ ಚರ್ಮದಂಥ ತರಿ ಸವೆದು ಹೋಗುತ್ತದೆ, ಅದು ಮರಳಿ ಬಾರದು. ಇಷ್ಟು ಮಾಡುವ ತಾಳ್ಮೆ ಇದ್ದವರಿಗೆ ಬಣ್ಣ ಹೊಡೆಯುವುದು ಉಳಿದ ಸಣ್ಣ ಕೆಲಸ.

ಬಾಡಿ ಬಣ್ಣಕ್ಕೆ ಹೊಂದಿಸುವವರು ಸೋಲುವುದು ಇದರ ಆಚೆಗೆ. ಬಣ್ಣಕ್ಕೆ ಕೋಡ್ ಇದೆ ನಿಜ. ಸುಜುಕಿಯವರ ಸುಪೀರಿಯರ್ ವೈಟಿಗೆ 26ಯು. ಇಂಥ ಸಾದಾ ಬಿಳಿಯಾದರೆ ಡಬ್ಬಿಯಿಂದ ಹತ್ತಿರ ಹತ್ತಿರ ಬರಬಹುದು, ಅದೂ ಕಾರು ಬಿಸಿಲಿಗೆ ಮಾಸಿರದಿದ್ದರೆ. ಸಿಲ್ವರಿನಂಥ ಮೆಟಾಲಿಕ್ ಬಣ್ಣದಲ್ಲಿ ಲೋಹದ ಚೂರುಗಳು ಒಂದೇ ತೆರನಾಗಿ ಮಲಗಬೇಕು. ಅದು ಪೇಂಟರನ ಸ್ಪ್ರೇ ಗನ್ನಿನ ಗಾಳಿಯ ಒತ್ತಡಕ್ಕೆ, ಕೈಯ ವೇಗಕ್ಕೆ ಸೇರಿದ್ದು. ಡಬ್ಬಿಯಲ್ಲಿ ಒತ್ತಡವನ್ನು ಹೊಂದಿಸಿಕೊಳ್ಳುವ ಬಗೆಯೇ ಇಲ್ಲ. ಪರ್ಲ್ ಬಿಳಿಯಂತೂ ಮೂರು ಪದರದ ಬಣ್ಣ, ಅದರ ತಂಟೆಗೆ ಹೋಗದಿರುವುದೇ ಲೇಸು. ಮೇಲಿನ ಕ್ಲಿಯರ್ ಕೋಟಿನದು ಇನ್ನೊಂದು ಪೇಚು. ಸಾದಾ ಡಬ್ಬಿಯ ಲ್ಯಾಕರ್ ಬರಿದೆ ಒಣಗುತ್ತದೆ, ರಾಸಾಯನಿಕವಾಗಿ ಗಟ್ಟಿಕಟ್ಟುವುದಿಲ್ಲ. ಪೆಟ್ರೋಲ್ ತುಳುಕಿದರೆ ಮೆತ್ತಗಾಗುತ್ತದೆ. ಗಟ್ಟಿಕಟ್ಟುವುದು ಹಾರ್ಡ್‌ನರ್ ಬೆರೆಯುವ 2ಕೆ ಬಗೆಯದು. ಆದರೆ ಆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇದೆ. ಬಣ್ಣದ ಕೆಲಸಗಾರರಿಗೆ ಆಸ್ತಮಾ ತರುವ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಬಟ್ಟೆಯ ಮಾಸ್ಕು ಅದನ್ನು ತಡೆಯದು. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಸುಕು ಬೇಕು. ಮಕ್ಕಳು ಓಡಾಡುವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ 2ಕೆ ಹೊಡೆಯುವವರನ್ನು ಹವ್ಯಾಸಿಗಳೆಂದು ಮೆಚ್ಚಲು ನಾನು ತಯಾರಿಲ್ಲ.

ಹವೆಯ ಮಾತು ಎರಡೇ ಸಾಲು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಹಿಡಿದು ಹೊಳಪು ಮಂಜುಗಟ್ಟುತ್ತದೆ. ಸಂಜೆ ಹೊಡೆದರೆ ಸೊಳ್ಳೆಗಳು ಅಂಟಿಕೊಳ್ಳುತ್ತವೆ, ತಾರಸಿಯಲ್ಲಿ ಹೊಡೆದರೆ ಪಕ್ಕದವರ ಸ್ಕೂಟರಿಗೂ ಬಣ್ಣ ಸೇರುತ್ತದೆ.

ಯಾರೇ ಹೊಡೆದರೂ ಬಣ್ಣ ಬೀಳಬಾರದ ಜಾಗಗಳಿವೆ. ಹಿಂದಿನ ದೀಪಕ್ಕೆ ಕಪ್ಪು ಹೊಗೆಬಣ್ಣ ಬಳಿಯುವ ಚಾಳಿ ನಮ್ಮ ರಸ್ತೆಗಳಲ್ಲಿ ಹಬ್ಬಿದೆ. ರಾತ್ರಿ ಮಳೆಯಲ್ಲಿ ಬ್ರೇಕ್ ದೀಪ ಕಾಣಿಸದಂತೆ ಮಾಡುವುದು ಯಾವ ಅಲಂಕಾರ? ಬಂಪರಿನಲ್ಲಿ ಕೂತಿರುವ ಪಾರ್ಕಿಂಗ್ ಸೆನ್ಸರುಗಳ ಮೇಲೆ ದಪ್ಪ ಪದರ ಕೂತರೆ ಅವು ಮಂದವಾಗುತ್ತವೆ. ಏರ್‌ಬ್ಯಾಗ್ ಅಡಗಿರುವ ಸ್ಟೇರಿಂಗಿನ ನಡುಭಾಗವನ್ನು ಮುಟ್ಟಲೇಬಾರದು.

ಹಾಗಾದರೆ ಮನೆಯ ಕೆಲಸ ಒಪ್ಪುವುದೆಲ್ಲಿ? ವೀಲ್ ಕ್ಯಾಪು, ವೈಪರಿನ ಬುಡದ ಜಾಲರಿ, ಗ್ರಿಲ್ಲು, ಬೂದಿಗಟ್ಟಿದ ಕನ್ನಡಿಯ ಕರಿ ಕವಚ: ಕಳಚಿ ತರಬಹುದಾದ, ಅಂಗೈಯಷ್ಟೋ ಮೊರದಷ್ಟೋ ಅಗಲದ, ಹೊಳಪು ಬೇಡದ ಭಾಗಗಳಲ್ಲಿ. ಇಲ್ಲಿ ಸ್ಯಾಟಿನ್ ಕಪ್ಪಿಗೆ ಸರಿಸಾಟಿಯಿಲ್ಲ. ಅಕ್ಕಪಕ್ಕದ ಭಾಗಕ್ಕೆ ಛಾಯೆ ಹೊಂದಿಸಬೇಕಿಲ್ಲ, ಕ್ಲಿಯರ್ ಬೇಕಿಲ್ಲ, ಕೈ ತುಸು ತಪ್ಪಿದರೂ ತರಿಯಲ್ಲಿ ಮರೆಯಾಗುತ್ತದೆ. ಒಂದು ಗೇಣು ದೂರದಿಂದ, ತೆಳ್ಳಗೆ, ನಡುವೆ ಆರಲು ಬಿಟ್ಟು ಹೊಡೆದರೆ ಸಾಕು. ಹೀಟ್ ಗನ್ನಿನ ಬಿಸಿಗಾಳಿಯಿಂದ ಪ್ಲಾಸ್ಟಿಕ್ಕನ್ನು ಕಪ್ಪು ಮಾಡುವ ಉಪಾಯವೂ ಇದೆ. ನೋಡಲು ಮಾಯೆ, ಆದರೆ ಸವೆದ ಮೇಲ್ಪದರವನ್ನು ಕರಗಿಸಿ ಮುಚ್ಚುವ ಆ ಮಾಯೆ ಬಾಳುವುದಿಲ್ಲ, ಪ್ರತಿ ಸಲವೂ ಪ್ಲಾಸ್ಟಿಕ್ಕು ಮತ್ತಷ್ಟು ಬಡವಾಗುತ್ತದೆ. ಎರಡರಲ್ಲಿ ಬಣ್ಣವೇ ಮೇಲು.

ಇಂಥ ಕೆಲಸವನ್ನು ಅಂದೇ ತೆಗೆದ ಫೋಟೊ ನೋಡಿ ಅಳೆಯಬಾರದು. ರಾಯಚೂರು, ಕಲಬುರಗಿಯ ಒಂದು ಬೇಸಗೆ ಕಳೆದ ಮೇಲೆ, ವಾಟರ್ ಸರ್ವಿಸಿನವರ ಪೈಪಿನ ರಭಸ ಅಂಚಿಗೆ ತಾಗಿದಾಗ ಬಣ್ಣ ಸಿಪ್ಪೆಯಾಗಿ ಏಳದಿದ್ದರೆ ಅದು ಗೆದ್ದ ಕೆಲಸ. ಬಾಡಿ ಬಣ್ಣದ ಬಂಪರೇ ಬೇಕೆಂಬ ಹಟ ಬಿಡದಿದ್ದರೆ, ಅದನ್ನು ಬಿಚ್ಚಿ ಬೂತ್ ಇರುವ ಪೇಂಟರ್ ಹತ್ತಿರ ಒಯ್ಯಿರಿ. ಒಳಬದಿಯ ಪಿಪಿ ಗುರುತು ತೋರಿಸಿ, ಇದಕ್ಕೆ ಯಾವ ಪ್ರೈಮರ್ ಹಾಕುತ್ತೀರಿ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಬಂಪರ್ ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.