ಮ್ಯಾಲೋದ ಧಾಟಿ, ಮೀನಾಕ್ಷಿಯ ಸಾಹಿತ್ಯ

ಮುಂಬಯಿಯ ಮಾಟುಂಗ, ಚೆಂಬೂರು, ಮುಲುಂಡ್ ಕಡೆ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುವ ಮನೆಗಳ ಮುಂದೆ ಹಾದುಹೋಗುವಾಗ, ಸರಳೆ-ಜಂಟಿವರಸೆಗಳ ನಡುವೆ ಬ್ಯಾಂಡಿನವರು ನುಡಿಸುವಂಥ ಧಾಟಿಯೊಂದು ಒಮ್ಮೊಮ್ಮೆ ಕಿವಿಗೆ ಬಿದ್ದೀತು. ಮಾತು ಸಂಸ್ಕೃತ, ದೇವಿ ಮಧುರೆಯವಳು, ಧಾಟಿ ಮಾತ್ರ ಐರ್ಲೆಂಡಿನದು. ಮುತ್ತುಸ್ವಾಮಿ ದೀಕ್ಷಿತರ ‘ವಂದೇ ಮೀನಾಕ್ಷಿ’ ಅದು. ಇಂಥ ಸುಮಾರು ನಲವತ್ತು ಪುಟ್ಟ ರಚನೆಗಳಿಗೆ ನೋಟ್ಟುಸ್ವರ ಎಂದು ಹೆಸರು. ಷಣ್ಮುಖಾನಂದ ಸಭಾಂಗಣದಲ್ಲಿ ಮೂರು ತಾಸಿನ ಕಛೇರಿ ಕೇಳಿ ತಲೆದೂಗುವ ಹಿರಿಯರು ಇದನ್ನು ‘ಮಕ್ಕಳ ಪಾಠ’ ಎಂದು ತಳ್ಳಿಹಾಕುವುದುಂಟು. ಅವರ ಮಾತಿಗೆ ಕಿವಿಗೊಡಬೇಡಿ.

ಮೊದಲು ಧಾಟಿಯ ಊರು. ಕಾರ್ಕ್ ಸೀಮೆಯ ಮ್ಯಾಲೋ ಪಟ್ಟಣ ಹದಿನೆಂಟನೆಯ ಶತಮಾನದಲ್ಲಿ ಚಿಲುಮೆಯ ನೀರಿಗೆ ಹೆಸರುವಾಸಿ. ನೀರಿನ ನೆಪದಲ್ಲಿ ಬಂದು ಕುಡಿದು ಕುಣಿಯುತ್ತಿದ್ದ ಉಳ್ಳವರ ಮನೆಯ ಪೋಲಿ ಹುಡುಗರ ಮೇಲೆ ಕಟ್ಟಿದ ಹಾಡು ‘ರೇಕ್ಸ್ ಆಫ್ ಮ್ಯಾಲೋ’. 1740ರ ದಶಕದಲ್ಲೇ ಅದರ ಸ್ವರ ಅಚ್ಚಾಗಿತ್ತು. ಇಂಗ್ಲೆಂಡಿಗೆ ದಾಟಿ ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್ನಿನ ಮಾರಿಸ್ ಕುಣಿತಗಾರರ ಕೋಲಾಟಕ್ಕೆ ಒದಗಿದಾಗ ಹೆಸರು ‘ರಿಗ್ಸ್ ಆಫ್ ಮಾರ್ಲೋ’ ಆಯಿತು. ಥೇಮ್ಸ್ ದಂಡೆಯಲ್ಲೂ ಒಂದು ಮಾರ್ಲೋ ಇತ್ತಲ್ಲ, ಊರೂ ಬದಲಾಗಿಬಿಟ್ಟಿತು! ಜಾನ್ ಫೋರ್ಡನ 1952ರ ‘ದಿ ಕ್ವಯಟ್ ಮ್ಯಾನ್’ ಚಿತ್ರದಲ್ಲೂ ಇದೇ ಧಾಟಿಯಿದೆ. ಮದರಾಸಿಗೆ ಬಂದದ್ದು ಕಂಪನಿ ಕಾಲದ ಬ್ಯಾಂಡುಗಳ ಜೊತೆ. ದೀಕ್ಷಿತರ ಮನೆತನ ಆಗ ಮದರಾಸಿನ ಪಕ್ಕದ ಮಣಲಿಯಲ್ಲಿ ಮೊದಲಿಯಾರರ ಆಶ್ರಯದಲ್ಲಿತ್ತು. ಮದರಾಸು ಕೋಟೆಯ ಬ್ಯಾಂಡು ಅಣ್ಣನ ಕಿವಿಗೆ ಬಿದ್ದರೆ, ತಮ್ಮ ಬಾಲುಸ್ವಾಮಿ ಪಿಟೀಲನ್ನೇ ಕಲಿತು ನಮ್ಮ ಸಂಗೀತಕ್ಕೆ ತಂದರು.

ಐರಿಷ್ ಎಂದೊಡನೆ ‘ಜಿಗ್’ ಅನ್ನುವವರಿದ್ದಾರೆ. ತೊಡೆಯ ಮೇಲೆ ತಟ್ಟಿ ನೋಡಿ. ‘ತಕಿಟ ತಕಿಟ’ ಎಂದು ಮೂರು ಮೂರಾಗಿ ಕೂತರೆ ಜಿಗ್, ‘ತಕಧಿಮಿ’ ಎಂದು ನಾಲ್ಕಕ್ಕೆ ಕೂತರೆ ಬೇರೆ ಜಾತಿ. ‘ವಂದೇ ಮೀನಾಕ್ಷಿ’ ಅಪ್ಪಟ ನಾಲ್ಕರದು. ನಿಜವಾದ ಜಿಗ್ ಬೇಕಿದ್ದರೆ ಲಿಮರಿಕ್ಕಿನ ‘ಗ್ಯಾರಿಓವನ್’ ಕೇಳಿ. ಅದೂ ಪಲ್ಟಣಗಳ ನಡಿಗೆಯ ಸಂಗೀತವಾಗಿ ದೇಶ ಸುತ್ತಿದೆ. ಡಿಸೆಂಬರಿನಲ್ಲಿ ಗೇಟ್‌ವೇ ಆಫ್ ಇಂಡಿಯಾ ಎದುರು ನೌಕಾಪಡೆಯ ಬ್ಯಾಂಡು ನೋಡಲು ಹೋದಾಗ ಪ್ರತಿ ಧಾಟಿಗೂ ಈ ಎಣಿಕೆ ಹಾಕಿ. ಒಂದೇ ಸಂಜೆಯಲ್ಲಿ ಕಿವಿ ಹದಕ್ಕೆ ಬರುತ್ತದೆ.

ಈಗ ಧಾಟಿಯ ಒಳಗೆ. ಶುರುವಾಗುವುದೇ ಸ-ಗ-ಸ-ಗ ಎಂಬ ಜಿಗಿತದಿಂದ. ಅದರ ಬೆನ್ನಿಗೆ ಒಂದು ಮೆಟ್ಟಿಲು ಕೆಳಗಿಳಿದು ನಿ-ರಿ-ನಿ-ರಿ. ರಿಷಭ ಮುಟ್ಟದೆ ಗಾಂಧಾರಕ್ಕೆ ಹಾರುವ ಈ ನೆಗೆತವೇ ಕುಣಿತದ ಗುಟ್ಟು. ಸ್ವರಗಳೆಲ್ಲ ಶಂಕರಾಭರಣದವು, ಧಾರವಾಡದ ಕಡೆಯಿಂದ ಬಂದವರಿಗೆ ಬಿಲಾವಲ್ ಅಂದರೂ ಸಾಕು. ಆದರೆ ರಾಗಭಾವ ಹುಡುಕಬೇಡಿ. ಗಮಕವಿಲ್ಲ, ಪಲ್ಲವಿ-ಅನುಪಲ್ಲವಿ ಇಲ್ಲ. ಸಾಹಿತ್ಯ ನೋಡಿ: ಸ್ವರಕ್ಕೊಂದು ಅಕ್ಷರ, ದೀರ್ಘ ಸ್ವರಕ್ಕೆ ದೀರ್ಘಾಕ್ಷರ, ಎಳೆದಾಟವೇ ಇಲ್ಲ. ಅಷ್ಟು ಇಕ್ಕಟ್ಟಿನಲ್ಲೂ ದೀಕ್ಷಿತರು ತಮ್ಮ ‘ಗುರುಗುಹ’ ಮುದ್ರೆಯನ್ನು ಕೂರಿಸಿದ್ದಾರೆ. ಅದು ಎಲ್ಲಿ ಬರುತ್ತದೆಂದು ಹಿಡಿಯುವುದೇ ಒಂದು ಆಟ.

ಕೆಲವರು ಇದಕ್ಕೆ ಕಂಪಿತ ಹಚ್ಚಿ, ಕಾಲ ಇಳಿಸಿ ‘ಗಂಭೀರ’ ಮಾಡುತ್ತಾರೆ. ನನಗೆ ಅದು ಪಾನಿಪುರಿಯನ್ನು ಚಮಚದಲ್ಲಿ ತಿಂದಂತೆ. ಸ್ವರ ನೆಟ್ಟಗೆ ನಿಲ್ಲಬೇಕು. ಪಿಟೀಲಾದರೆ ಕಮಾನು ಗಿಡ್ಡದಾಗಿ ಓಡಬೇಕು, ಜಾರು ಬೇಡ. ಮಕ್ಕಳು ಹಾಡಿದಾಗ ಚೆನ್ನಾಗಿ ಕೇಳಿಸುವುದು ಅದಕ್ಕೇ, ಅವರಿಗಿನ್ನೂ ಗಮಕ ಬಂದಿರುವುದಿಲ್ಲ.

ಒಂದರ ಪರಿಚಯ ಆದಮೇಲೆ ‘ಸಂತತಂ ಪಾಹಿ ಮಾಂ’ ಕೇಳಿ. ‘ಗಾಡ್ ಸೇವ್ ದ ಕಿಂಗ್’ ಎಂದು ಎರಡನೇ ಆವರ್ತಕ್ಕೇ ಗೊತ್ತಾಗುತ್ತದೆ. ಅರಸನನ್ನು ಕಾಪಾಡೆಂದು ಬೇಡುವ ಧಾಟಿಯಲ್ಲಿ ದೀಕ್ಷಿತರು ತಮ್ಮನ್ನು ಕಾಪಾಡೆಂದು ಸಂಗೀತ ಶ್ಯಾಮಲೆಯನ್ನು ಬೇಡಿದ್ದಾರೆ! ಬಳಿಕ ಸ್ಕಾಟ್ಲೆಂಡಿನ ಲಾರ್ಡ್ ಮ್ಯಾಕ್‌ಡೊನಾಲ್ಡನ ರೀಲ್ ಮೇಲೆ ಕಟ್ಟಿದ ‘ಜಗದೀಶ ಗುರುಗುಹ’. ಅಮೆರಿಕದ ಸಂಗೀತಗಾರ ಕಣ್ಣಿಕೇಶ್ವರನ್ ಅವರ ‘ವಿಸ್ಮಯ’ ಧ್ವನಿಮುದ್ರಿಕೆಯಲ್ಲಿ ನೋಟ್ಟುಸ್ವರಗಳು ಕೆಲ್ಟಿಕ್ ವಾದ್ಯಗಳ ಸಂಗಡ ಇವೆ. ಮೂಲ ಐರಿಷ್ ನುಡಿಸಾಣಿಕೆ, ಮಕ್ಕಳ ಹಾಡು, ಇದು – ಈ ಮೂರನ್ನೂ ಬೆನ್ನುಬೆನ್ನಿಗೆ ಕೇಳಿದರೆ ಯಾರು ಏನು ಉಳಿಸಿಕೊಂಡರು, ಏನು ಬಿಟ್ಟರು ಎಂಬುದು ತಾನೇ ತಿಳಿಯುತ್ತದೆ.

ಇನ್ನೊಂದು ಮಾತು. ಕಛೇರಿಯ ಕೊನೆಗೆ ತುಕ್ಕಡಗಳ ಹೊತ್ತಿನಲ್ಲಿ ಯಾರಾದರೂ ‘ಇಂಗ್ಲಿಷ್ ನೋಟ್’ ಎಂದು ಕೂಗಿ ಕೇಳಿದರೆ, ಅವರು ಬಯಸುವುದು ಇದನ್ನಲ್ಲ. ಅದು ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರದು. ಮಧುರೈ ಮಣಿ ಅಯ್ಯರ್ ಹಾಡಿ ಮನೆಮಾತು ಮಾಡಿದ್ದು. ಧಾಟಿಯೂ ಭಾಗವತರದೇ, ಪಡುವಣದ ಬ್ಯಾಂಡಿನ ಗತ್ತು ಮಾತ್ರ ಎರವಲು.