ಸ್ಟುವರ್ಟರ ಮೂಲಪುರುಷ ಮತ್ತು ಮಠದ ಕಡತಗಳು

1371ರಲ್ಲಿ ಸ್ಕಾಟ್ಲೆಂಡಿನ ಸಿಂಹಾಸನವನ್ನೇರಿ 1603ರಲ್ಲಿ ಇಂಗ್ಲೆಂಡಿನ ಕಿರೀಟವನ್ನೂ ಪಡೆದ ಸ್ಟುವರ್ಟ್ ಮನೆತನದ ಮೂಲಪುರುಷನಾದ ವಾಲ್ಟರ್ ಫಿಟ್ಸ್ ಆಲನ್, ಅಂದರೆ ಆಲನ್ನನ ಮಗ ವಾಲ್ಟರ್, 1177ರಲ್ಲಿ ತೀರಿಕೊಂಡಾಗ ರಾಜನ ಸೇವೆಯಲ್ಲಿದ್ದ ಒಬ್ಬ ಅಧಿಕಾರಿಯಾಗಿದ್ದನು. ಅವನದು ಸ್ಟೀವರ್ಡ್ ಎಂಬ ಹುದ್ದೆ. ಅರಮನೆಯ ಆದಾಯ, ವೆಚ್ಚ, ಊಟೋಪಚಾರಗಳ ಮೇಲ್ವಿಚಾರಣೆ ನಡೆಸುವ ಈ ಅಧಿಕಾರಿಯನ್ನು ಕನ್ನಡ ಶಾಸನಗಳಲ್ಲಿ ಬರುವ ಮನೆವೆರ್ಗಡೆಗೆ ಹೋಲಿಸಬಹುದು. ಒಂದನೆಯ ಡೇವಿಡ್ ರಾಜನ ಕಾಲದಲ್ಲಿ, 1136ರ ಸುಮಾರಿಗೆ, ಸ್ಕಾಟ್ಲೆಂಡಿಗೆ ಬಂದ ವಾಲ್ಟರನಿಗೆ ರೆನ್‌ಫ್ರೂ, ಪೇಸ್ಲಿ ಮೊದಲಾದ ಸೀಮೆಗಳು ಉಂಬಳಿಯಾಗಿ ದೊರೆತವು. ಡೇವಿಡನ ಮೊಮ್ಮಗ ನಾಲ್ಕನೆಯ ಮಾಲ್ಕಮ್ ಆ ಹುದ್ದೆಯನ್ನು ವಂಶಪಾರಂಪರ್ಯವಾಗಿ ಸ್ಥಿರಪಡಿಸಿದನು. ಕೆಲವು ತಲೆಮಾರುಗಳಲ್ಲಿ ಹುದ್ದೆಯೇ ಕುಲನಾಮವಾಯಿತು. ಆರನೆಯ ಸ್ಟೀವರ್ಡ್ 1315ರಲ್ಲಿ ರಾಬರ್ಟ್ ಬ್ರೂಸ್ ರಾಜನ ಮಗಳು ಮಾರ್ಜರಿಯನ್ನು ಮದುವೆಯಾದನು, ಅವರ ಮಗನೇ ಮೊದಲ ಸ್ಟುವರ್ಟ್ ದೊರೆಯಾದ ಎರಡನೆಯ ರಾಬರ್ಟ್. ಇಲ್ಲಿಂದ ಕೆಳಕ್ಕೆ ವಂಶಾವಳಿಯನ್ನು ಬರೆಯಲು ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ. ವಾಲ್ಟರನ ತಂದೆ ಆಲನ್ ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರು ದಾರಿ ತಪ್ಪಿದರು.

ದಾರಿ ತಪ್ಪಿಸಿದ್ದು ಒಂದು ಸೊಗಸಾದ ಕಥೆ. ರಾಜನಾದವನ ಹಿಂದೆ ರಾಜರಕ್ತವೋ ವೀರಪುರುಷನೋ ಇರಲೇಬೇಕೆಂಬ ಹಟ ಎಲ್ಲ ಆಸ್ಥಾನಗಳಲ್ಲಿಯೂ ಇದ್ದದ್ದೇ. ಎರಡನೆಯ ರಾಬರ್ಟನ ಕಾಲದಲ್ಲಿಯೇ ಜಾನ್ ಬಾರ್ಬರ್ ಎಂಬ ಕವಿ ಸ್ಟುವರ್ಟರ ವಂಶಾವಳಿಯೊಂದನ್ನು ಪದ್ಯದಲ್ಲಿ ರಚಿಸಿದ್ದನು, ಅದು ಈಗ ಉಳಿದಿಲ್ಲ. ಉಳಿದು ಊರೆಲ್ಲ ಹರಡಿದ್ದು ಅಬರ್ಡೀನಿನ ವಿದ್ವಾಂಸ ಹೆಕ್ಟರ್ ಬೋಯಿಸ್ 1527ರಲ್ಲಿ ಪ್ಯಾರಿಸಿನಿಂದ ಪ್ರಕಟಿಸಿದ ಲ್ಯಾಟಿನ್ ಇತಿಹಾಸದ ಆವೃತ್ತಿ. ಅದರ ಪ್ರಕಾರ ಮ್ಯಾಕ್‌ಬೆತ್ ಕೊಲ್ಲಿಸಿದ ಬ್ಯಾಂಕ್ವೋ ಎಂಬ ಸರದಾರನ ಮಗ ಫ್ಲಿಯಾನ್ಸ್ ವೇಲ್ಸಿಗೆ ಓಡಿಹೋಗಿ, ಅಲ್ಲಿಯ ರಾಜಪುತ್ರಿಯಲ್ಲಿ ವಾಲ್ಟರ್ ಎಂಬ ಮಗನನ್ನು ಪಡೆದನು, ಆ ವಾಲ್ಟರನೇ ಮುಂದೆ ಸ್ಕಾಟ್ಲೆಂಡಿಗೆ ಮರಳಿ ಸ್ಟೀವರ್ಡನಾದನು. ಹೋಲಿನ್‌ಶೆಡ್ಡನ ಚರಿತ್ರೆಯ ಮೂಲಕ ಈ ಕಥೆ ಶೇಕ್ಸ್‌ಪಿಯರನಿಗೆ ತಲುಪಿತು. ತಾನು ಬ್ಯಾಂಕ್ವೋನ ಸಂತತಿಯೆಂದು ನಂಬಿದ್ದ ದೊರೆ ಜೇಮ್ಸ್ ಲಂಡನ್ನಿನಲ್ಲಿ ಆಳುತ್ತಿದ್ದಾಗ ಬರೆದ ನಾಟಕದಲ್ಲಿ ಬ್ಯಾಂಕ್ವೋ ಕೊಲೆಗಡುಕನ ಜೊತೆಗಾರನಾಗಿ ಉಳಿಯದೆ ಸಜ್ಜನನಾಗಿಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ವಂಶಶೋಧಕನು ಇಂಥ ಕಥೆಗೆ ಮೊದಲು ಹಚ್ಚುವ ಒರೆಗಲ್ಲು ಕಾಲಗಣನೆ. ಮ್ಯಾಕ್‌ಬೆತ್ ಸತ್ತದ್ದು 1057ರಲ್ಲಿ. ಅವನ ಆಳ್ವಿಕೆಯಲ್ಲಿ ತಪ್ಪಿಸಿಕೊಂಡು ಹೋದವನ ಮಗ 1177ರವರೆಗೆ ಬದುಕಿರಬೇಕಾದರೆ ನೂರಕ್ಕೂ ಹೆಚ್ಚು ವರ್ಷದ ಆಯುಸ್ಸು ಬೇಕು, ಆಗಲೂ ದಾಖಲೆಗಳಲ್ಲಿರುವ ಆಲನ್ ಎಂಬ ತಂದೆಗೆ ಜಾಗವಿಲ್ಲ. ಬ್ಯಾಂಕ್ವೋ, ಫ್ಲಿಯಾನ್ಸ್ ಇಬ್ಬರ ಹೆಸರೂ ಅವರ ಕಾಲದ ಯಾವ ಬರಹದಲ್ಲಿಯೂ ಕಾಣುವುದಿಲ್ಲ. ಕಥೆಗೆ ಕಾಲವೂ ಸಾಕ್ಷಿಯೂ ಇಲ್ಲದ ಮೇಲೆ ಅದನ್ನು ತಿದ್ದಿ ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಕೈಬಿಡುವುದೇ ಲೇಸು. ಆದರೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐಟನ್ ಅವರಂಥ ನುರಿತ ಸಂಶೋಧಕರೂ ಫ್ಲಿಯಾನ್ಸನನ್ನು ಹೇಗಾದರೂ ವಂಶವೃಕ್ಷದೊಳಗೆ ಸೇರಿಸುವ ಆಸೆಯನ್ನು ಬಿಡಲಿಲ್ಲ.

ನಿಜವಾದ ಸುಳಿವು ಇದ್ದದ್ದು ದಾನಪತ್ರಗಳಲ್ಲಿ. ಭೂಮಿಯನ್ನೋ ಚರ್ಚನ್ನೋ ಮಠಕ್ಕೆ ಬಿಟ್ಟುಕೊಡುವಾಗ ಬರೆಯುತ್ತಿದ್ದ ಈ ಪತ್ರಗಳ ಕೊನೆಯಲ್ಲಿ ಸಾಕ್ಷಿಗಳ ಪಟ್ಟಿ ಇರುತ್ತಿತ್ತು. ಮುಂದೆ ವಾರಸುದಾರರು ತಕರಾರು ತೆಗೆಯಬಾರದೆಂದು ಅಣ್ಣ, ತಮ್ಮ, ಮಗ, ಹೆಂಡತಿಯರ ಒಪ್ಪಿಗೆಯನ್ನೂ ಅಲ್ಲಿಯೇ ನಮೂದಿಸುತ್ತಿದ್ದರು. ಮಠದವರು ಇವನ್ನೆಲ್ಲ ಕಡತಗಳಲ್ಲಿ ನಕಲು ಮಾಡಿಟ್ಟುಕೊಂಡರು. ವಂಶದ ಹಿರಿಮೆಯನ್ನು ಕೊಂಡಾಡುವುದು ಈ ಲಿಪಿಕಾರರ ಉದ್ದೇಶವಾಗಿರಲಿಲ್ಲ, ಜಮೀನು ಕೈತಪ್ಪಬಾರದೆಂಬ ಒಂದೇ ಚಿಂತೆ ಅವರಿಗಿತ್ತು. ಆದುದರಿಂದಲೇ ಆಸ್ಥಾನದ ಚರಿತ್ರಕಾರನಿಗಿಂತ ಅವರ ಮಾತು ಹೆಚ್ಚು ನಂಬಲರ್ಹ. ವಾಲ್ಟರ್ 1163ರ ಸುಮಾರಿಗೆ ಸ್ಥಾಪಿಸಿದ ಪೇಸ್ಲಿ ಮಠವನ್ನೇ ನೋಡಬಹುದು. ಅಲ್ಲಿಗೆ ಅವನು ಸನ್ಯಾಸಿಗಳನ್ನು ಕರೆಸಿದ್ದು ಇಂಗ್ಲೆಂಡಿನ ಪಶ್ಚಿಮದಂಚಿನ ಷ್ರಾಪ್‌ಶೈರಿನ ವೆನ್‌ಲಾಕ್ ಎಂಬ ಊರಿನಿಂದ, ಮಠವನ್ನು ಅರ್ಪಿಸಿದ ಸಂತರಲ್ಲಿ ವೆನ್‌ಲಾಕಿನ ಮಿಲ್ಬರ್ಗಾಳೂ ಒಬ್ಬಳು. ಸ್ಕಾಟ್ಲೆಂಡಿನ ಪಡುವಣ ಸೀಮೆಯಲ್ಲಿ ಷ್ರಾಪ್‌ಶೈರಿನ ಸಂತಳಿಗೆ ಭಕ್ತನೊಬ್ಬ ಹುಟ್ಟಿಕೊಳ್ಳಬೇಕಾದರೆ ಅವನ ತವರು ಎಲ್ಲಿತ್ತೆಂದು ಊಹಿಸಬಹುದು. ಆ ಊಹೆಯನ್ನು 1807ರಲ್ಲಿ ಜಾರ್ಜ್ ಚಾಮರ್ಸ್ ತಮ್ಮ ‘ಕ್ಯಾಲಿಡೋನಿಯಾ’ ಗ್ರಂಥದಲ್ಲಿ ಸಾಧಿಸಿದರು: ಷ್ರಾಪ್‌ಶೈರಿನ ಹಾಮಂಡ್ ಮಠವನ್ನು ಸ್ಥಾಪಿಸಿದ, ಆಸ್ವೆಸ್ಟ್ರಿಯ ಒಡೆಯ ವಿಲಿಯಂ ಫಿಟ್ಸ್ ಆಲನ್ನನ ತಮ್ಮನೇ ಈ ವಾಲ್ಟರ್, ಇವರಿಬ್ಬರ ತಂದೆ ಫ್ಲಾಲ್ಡನ ಮಗನಾದ ಆಲನ್.

ಫ್ಲಾಲ್ಡ್ ಎಂಬ ಈ ಅಪರೂಪದ ಹೆಸರೇ ಮುಂದಿನ ಬಾಗಿಲು. ಫ್ಲಿಯಾನ್ಸನ ಅಭಿಮಾನಿಗಳು ಎರಡು ಹೆಸರುಗಳ ಸದ್ದು ಹತ್ತಿರವಿದೆಯೆಂಬುದಕ್ಕೆ ಜೋತುಬಿದ್ದಾಗ, ಜಾನ್ ಹೊರೇಸ್ ರೌಂಡ್ ಎಂಬ ಕಟುನುಡಿಯ ವಂಶಶಾಸ್ತ್ರಜ್ಞರು ಫ್ರಾನ್ಸಿನ ಪತ್ರಾಗಾರಗಳಲ್ಲಿದ್ದ ದಾನಪತ್ರಗಳ ಸೂಚಿಯನ್ನು 1899ರಲ್ಲಿ ಸಿದ್ಧಪಡಿಸಿ, ಅದರ ಆಧಾರದಿಂದ 1901ರಲ್ಲಿ ಸ್ಟುವರ್ಟರ ಮೂಲದ ಪ್ರಬಂಧವನ್ನು ಪ್ರಕಟಿಸಿದರು. ಕೀಲಿಕೈ ದೊರೆತದ್ದು ಲ್ವಾರ್ ನದಿಯ ದಂಡೆಯ ಸೋಮ್ಯೂರಿನ ಸೇಂಟ್ ಫ್ಲೋರೆಂಟ್ ಮಠದ ಪತ್ರಗಳಲ್ಲಿ. ಈ ಮಠದ ಶಾಖೆಯೊಂದು ವೇಲ್ಸಿನ ಗಡಿಯ ಮಾನ್ಮತ್ ಊರಿನಲ್ಲಿತ್ತು. 1101 ಅಥವಾ 1102ರಲ್ಲಿ ಅಲ್ಲಿಯ ಚರ್ಚಿನ ಪ್ರತಿಷ್ಠೆಯ ಸಮಯದಲ್ಲಿ ಹಾಜರಿದ್ದವರ ನಡುವೆ ಸ್ಟೀವರ್ಡ್ ಆಲನ್ನನ ಮಗ ಫ್ಲಾಲ್ಡನ ಹೆಸರಿದೆ. ಫ್ಲಾಲ್ಡನ ಮಗ ಆಲನ್ ನಾರ್ಫಕ್ ಸೀಮೆಯ ಸ್ಪೋರ್ಲ್ ಎಂಬಲ್ಲಿ ಮಠವೊಂದನ್ನು ಕಟ್ಟಿಸಿ ಅದೇ ಸೇಂಟ್ ಫ್ಲೋರೆಂಟಿಗೆ ಒಪ್ಪಿಸಿದನು. ಹಿರಿಯ ಆಲನ್ ಫ್ರಾನ್ಸಿನ ವಾಯವ್ಯದ ಬ್ರಿಟನಿಯಲ್ಲಿ, ಡೋಲ್ ಎಂಬ ಧರ್ಮಪೀಠದ ಬಿಷಪ್ಪರಿಗೆ ಸ್ಟೀವರ್ಡರಾಗಿದ್ದ ಮನೆತನದವನು; ಆ ಮನೆಯ ಮತ್ತೊಬ್ಬ ಆಲನ್ 1097ರಲ್ಲಿ ಮೊದಲನೆಯ ಧರ್ಮಯುದ್ಧಕ್ಕೆ ಹೋದವರ ಸಾಲಿನಲ್ಲಿ ಕಾಣಿಸುತ್ತಾನೆ. ಹೀಗೆ ಸ್ಕಾಟ್ಲೆಂಡಿನ ರಾಜವಂಶದ ಪೂರ್ವಿಕರು ಬ್ರೆಟನ್ನರೆಂಬುದು ಸ್ಪಷ್ಟವಾಯಿತು.

ಇವರು ಇಂಗ್ಲೆಂಡಿಗೆ ಬಂದ ಕಾರಣವೂ ಕಾಲಕ್ಕೆ ಒಪ್ಪುವಂತಿದೆ. ಇಂಗ್ಲೆಂಡಿನ ಒಂದನೆಯ ಹೆನ್ರಿ ಪಟ್ಟಕ್ಕೆ ಬರುವ ಮೊದಲು, 1091ರಲ್ಲಿ, ಡೋಲಿಗೆ ಸಮೀಪದ ಮಾಂಟ್ ಸೇಂಟ್ ಮಿಶೆಲ್ ಕೋಟೆಯಲ್ಲಿ ಅಣ್ಣಂದಿರ ಮುತ್ತಿಗೆಗೆ ಸಿಕ್ಕಿದ್ದನು, ಆಗ ಬ್ರೆಟನ್ನರು ಅವನ ಪಕ್ಷದಲ್ಲಿದ್ದರು. 1102ರಲ್ಲಿ ದಂಗೆಯೆದ್ದ ರಾಬರ್ಟ್ ಡಿ ಬೆಲ್ಲೇಮನಿಂದ ಷ್ರಾಪ್‌ಶೈರನ್ನು ಕಿತ್ತುಕೊಂಡಾಗ ಅಲ್ಲಿ ನಂಬಿಕೆಯ ಹೊಸಬರನ್ನು ನೆಲೆಗೊಳಿಸುವುದು ಹೆನ್ರಿಗೆ ಅಗತ್ಯವಾಗಿತ್ತು. ಫ್ಲಾಲ್ಡನ ಮಗ ಆಲನ್ನನ ಹಿರಿಯ ಮಕ್ಕಳಿಗೆ ಬ್ರಿಟನಿಯ ಮತ್ತು ಷ್ರಾಪ್‌ಶೈರಿನ ಆಸ್ತಿ ಸಂದಮೇಲೆ ಕಿರಿಯನಾದ ವಾಲ್ಟರನಿಗೆ ಉತ್ತರದ ಹಾದಿ ಉಳಿಯಿತು; ಹೆನ್ರಿಯ ಆಸ್ಥಾನದಲ್ಲಿಯೇ ಬೆಳೆದಿದ್ದ ಡೇವಿಡನು ಇಂಥವರನ್ನು ಹುಡುಕುತ್ತಿದ್ದನು.

ವಾಲ್ಟರನ ಅಣ್ಣ ವಿಲಿಯಂನ ಸಂತತಿಯಲ್ಲಿ ಬಂದವರು ಅರುಂಡೆಲ್ ಪಟ್ಟಣದ ಅರ್ಲ್‌ಗಳು. ಅವರಲ್ಲೊಬ್ಬನು 1330ರ ದಶಕದಲ್ಲಿ ಸ್ಕಾಟ್ಲೆಂಡಿನ ಸ್ಟೀವರ್ಡ್ ಹುದ್ದೆಯ ಮೇಲೆ ತನಗೆ ಹಕ್ಕಿದೆಯೆಂದು ಸಾಧಿಸಿ, ಅದನ್ನು ಇಂಗ್ಲೆಂಡಿನ ಮೂರನೆಯ ಎಡ್ವರ್ಡನಿಗೆ 1,000 ಮಾರ್ಕಿಗೆ ಮಾರಿಬಿಟ್ಟನು. ವಾಲ್ಟರನ ನೇರ ವಾರಸುದಾರ ಸ್ಕಾಟ್ಲೆಂಡಿನಲ್ಲಿ ಬದುಕಿರುವಾಗ ನಡೆದ ಈ ವ್ಯಾಪಾರಕ್ಕೆ ಕಾನೂನಿನ ಬೆಲೆ ಕಾಸಿನಷ್ಟೂ ಇರಲಿಲ್ಲ. ವಂಶಶೋಧಕನಿಗಾದರೋ ಅದು ಅಮೂಲ್ಯ, ಏಕೆಂದರೆ ಎರಡು ಮನೆತನಗಳು ದಾಯಾದಿಗಳೆಂಬ ನೆನಪು ಇನ್ನೂರು ವರ್ಷಗಳ ಬಳಿಕವೂ ಅಳಿದಿರಲಿಲ್ಲವೆಂದು ಅದು ತೋರಿಸುತ್ತದೆ.

ದಾನಪತ್ರಗಳನ್ನು ನೆಚ್ಚುವ ಈ ವಿಧಾನದ ಮಿತಿ ಎದ್ದು ಕಾಣುವುದು ಹೆಂಗಸರ ವಿಷಯದಲ್ಲಿ. ವಾಲ್ಟರನ ಹೆಂಡತಿ ಎಸ್ಕಿನಾಳ ಹೆಸರು ಉಳಿದದ್ದು ರಾಕ್ಸ್‌ಬರ್ಗ್ ಸೀಮೆಯ ಮೋ ಎಂಬ ಗ್ರಾಮದ ಜಮೀನು ಅವಳ ಪಾಲಿಗೆ ಬಂದಿದ್ದು, ಅದರಿಂದ ಅವಳು ದಾನ ಮಾಡಿದ್ದರಿಂದ. ತಾಯಿ ಅವೆಲೀನಾಳ ಗುರುತು ಸಿಗುವುದು ಅವಳು ಎಸ್ಡಾನಿನ ಅರ್ನಲ್ಫ್ ಎಂಬ ದೊಡ್ಡ ಭೂಮಾಲೀಕನ ಮಗಳಾದುದರಿಂದ. ಫ್ಲಾಲ್ಡನ ಹೆಂಡತಿಯ ಹೆಸರನ್ನು ಹೇಳುವ ನಂಬಲರ್ಹ ಪತ್ರ ಒಂದೂ ಇಲ್ಲ, ವೇಲ್ಸಿನ ರಾಜಪುತ್ರಿ ಬಂದು ಕುಳಿತದ್ದು ಈ ತೆರಪಿನಲ್ಲಿಯೇ. ಇಂದಿಗೂ ಅಚ್ಚಾಗುವ ಅನೇಕ ವಂಶವೃಕ್ಷಗಳಲ್ಲಿ ಅವಳು ಅಲ್ಲಿಂದ ಎದ್ದಿಲ್ಲ.