ಲೌರಿ ಹಾಂಕೊ: ವಿದ್ವತ್ ಶೋಕ ಮತ್ತು ಸಿರಿಯ ಪಠ್ಯ

ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ 2002ರಲ್ಲಿ ತೀರಿಕೊಂಡಾಗ ತುಳು ಜಾನಪದವು ಕ್ಷೇತ್ರಕಾರ್ಯದ ಹಳೆಯ ಒಡನಾಡಿಯೊಬ್ಬರನ್ನು ಕಳೆದುಕೊಂಡಿತು. ಅವರು ಅನ್ನೇಲಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ, ಗೋಪಾಲ ನಾಯ್ಕರು ನಿರೂಪಿಸಿದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು 1998ರಲ್ಲಿ ಪ್ರಕಟಿಸಿದ್ದರು. ಶೋಕಗೀತೆಗಳನ್ನೂ ಅಭ್ಯಸಿಸಿದವರು ಹಾಂಕೊ. ಕರೇಲಿಯಾ-ಇಂಗ್ರಿಯಾ ಸೀಮೆಯ ಆ ಗೀತೆಗಳು ಸತ್ತವರ ಹೆಸರೆತ್ತದೆ ರೂಪಕಗಳಿಂದಲೇ ಅವರನ್ನು ಕರೆಯುತ್ತವೆ. ವಿದ್ವತ್ ಶೋಕದ ರೂಢಿ ಇದಕ್ಕೆ ವ್ಯತಿರಿಕ್ತ: ಒಂದೇ ಹೆಸರನ್ನು ಹಿಡಿದು ಉಳಿದ ದನಿಗಳನ್ನು ಮರೆಸುತ್ತದೆ. ಸಿರಿಯನ್ನು 'ಹಾಂಕೊ ಅವರ ಕೃತಿ' ಎಂದರೆ ಗೋಪಾಲ ನಾಯ್ಕರು ಬರಿಯ ವಕ್ತೃವಾಗಿ ಉಳಿಯುತ್ತಾರೆ. ಗ್ರಂಥದ ಶೀರ್ಷಿಕೆಯಲ್ಲಿಯೇ ಅವರ ಹೆಸರಿದೆಯೆಂಬುದನ್ನು ಗಮನಿಸಬೇಕು. ಹಾಂಕೊ ಪ್ರತಿಪಾದಿಸಿದ 'ಮಾನಸಿಕ ಪಠ್ಯ'ದ ಪರಿಕಲ್ಪನೆಯೂ ಶ್ರದ್ಧಾಂಜಲಿಯ ಹೊಗಳಿಕೆಯಲ್ಲಿ ಮುಚ್ಚಿಹೋಗಬಾರದು. ಆಲಡೆಯ ಸಿರಿಜಾತ್ರೆಯಲ್ಲಿ, ಆವೇಶಗೊಂಡ ಹೆಂಗಸರ ನಡುವೆ ತುಣುಕು ತುಣುಕಾಗಿ ಒಡಮೂಡುವ ಕಥನವೂ, ಸಂಶೋಧಕರೆದುರು ಅಖಂಡವಾಗಿ ಹರಿದ ಕಥನವೂ ಒಂದೇ ಪಠ್ಯದ ರೂಪಗಳೇ? ಸಹೋದ್ಯೋಗಿಗಳು ಅವರೊಡನೆ ಮುಂದುವರಿಸಬೇಕಾಗಿದ್ದ ವಾದವಿದು.